ಕಸದ ಲಾರಿ ಯಾರ ಊರಿಗೆ?

ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ವಿದ್ಯಾರ್ಥಿ ಮತ್ತು ಶಿಸ್ತು, ಸ್ತ್ರೀಶಿಕ್ಷಣದ ಮಹತ್ವ, ಕಿತ್ತೂರಿನ ವೀರಪರಂಪರೆ ಮೊದಲಾದ ವಿಷಯಗಳ ಮೇಲೆ ಲೇಖನಗಳು ಬರುವುದು ವಾಡಿಕೆ. ಅವುಗಳ ನಡುವೆ ಕಸದ ಲಾರಿಯ ಮಾತನ್ನೆತ್ತುವುದು ವಾಚಕರಿಗೆ ಅಷ್ಟೊಂದು ರುಚಿಸಲಿಕ್ಕಿಲ್ಲ. ಮದುವೆಯ ಪಂಕ್ತಿಯಲ್ಲಿ ಎಂಜಲೆಲೆಯ ಸುದ್ದಿ ತೆಗೆದಂತಾದೀತು. ಆದರೆ ಎಂಜಲೆಲೆಯನ್ನು ಯಾರಾದರೂ ಎತ್ತಲೇಬೇಕು. ಎತ್ತಿದ್ದನ್ನು ಎಲ್ಲಿಯಾದರೂ ಒಯ್ದು ಹಾಕಲೇಬೇಕು. ಎಲ್ಲಿ, ಯಾರ ಮನೆಯ ಮುಂದೆ ಹಾಯ್ದು, ದಿನಕ್ಕೆ ಎಷ್ಟು ಸಲ ಎಂಬುದೇ ಈ ಲೇಖನದ ಪ್ರಶ್ನೆ.

ಪೇಟೆಯು ಸ್ವಚ್ಛವಾಗಿರಬೇಕೆಂಬುದರಲ್ಲಿ ಎರಡು ಮಾತಿಲ್ಲ. 1994ನೆಯ ಇಸವಿಯಲ್ಲಿ ಸೂರತ್ ಪಟ್ಟಣದಲ್ಲಿ ಪ್ಲೇಗು ತಲೆಯೆತ್ತಿದಾಗ ಲಕ್ಷಾಂತರ ಜನರು ಊರು ಬಿಟ್ಟು ಓಡಿದರು. ಮುಂದೆ ಅದೇ ಸೂರತ್ ಕಸವನ್ನು ದಿನವೂ ಎತ್ತುವ ವ್ಯವಸ್ಥೆಯನ್ನು ಕಟ್ಟಿಕೊಂಡು ದೇಶದಲ್ಲಿ ಹೆಸರಾಯಿತು. ಕಸವು ಓಣಿಯಲ್ಲಿ ಕೊಳೆಯಬಾರದು, ಅದನ್ನು ಎತ್ತುವುದಕ್ಕೆ ಗಾಡಿ ಬೇಕು. ಇಷ್ಟನ್ನು ಒಪ್ಪಿಕೊಂಡೇ ನಾನು ಮುಂದಿನ ಮಾತಿಗೆ ಬರುತ್ತೇನೆ. ನಮ್ಮ ನಗರಗಳು ಸ್ವಚ್ಛತೆಯೆಂದರೆ ಕಸವನ್ನು ಆದಷ್ಟು ಬೇಗ, ಆದಷ್ಟು ದೂರ ಸಾಗಿಸುವುದು ಎಂದು ಅರ್ಥ ಮಾಡಿಕೊಂಡಿವೆ. ಹೆಚ್ಚು ಲಾರಿ ಓಡಿಸಿದ ನಗರವೇ ಹೆಚ್ಚು ಚೊಕ್ಕಟವಾದ ನಗರವೆಂಬ ಭಾವನೆ ಬೆಳೆದಿದೆ. ತಿಪ್ಪೆ ಸಾರಿಸುವುದು ಎಂಬ ಮಾತನ್ನು ಹಿರಿಯರು ಇಂಥ ಕೆಲಸಕ್ಕೇ ಇಟ್ಟಿರಬೇಕು.

ಬೆಂಗಳೂರಿನ ಕಥೆಯನ್ನೇ ನೋಡಿರಿ. ಆ ನಗರದ ಕಸವು ವರ್ಷಗಟ್ಟಲೆ ಉತ್ತರದ ಮಾವಳ್ಳಿಪುರಕ್ಕೂ ಪೂರ್ವದ ಮಂಡೂರಿಗೂ ಹೋಗುತ್ತಿತ್ತು. ಮಾವಳ್ಳಿಪುರದ ಜನ ಬಾವಿಯ ನೀರು ಕೆಟ್ಟಿತೆಂದು ಹೋರಾಡಿದರು. 2012ರಲ್ಲಿ ಅಲ್ಲಿ ಸುರಿಯುವುದು ನಿಂತಿತು. ಹಾಗಾದರೆ ಆ ಲಾರಿಗಳು ಎಲ್ಲಿಗೆ ಹೋದವು? ಮಂಡೂರಿನ ಮೇಲಿನ ಹೊರೆ ಹೆಚ್ಚಿತು. ಮಂಡೂರಿನ ಜನವೂ ಸಹಿಸುವಷ್ಟು ಸಹಿಸಿ, 2014ರ ಜೂನ್ ತಿಂಗಳಲ್ಲಿ ರಸ್ತೆಗಿಳಿದು ಲಾರಿಗಳನ್ನು ತಡೆದರು. ಪೋಲೀಸರ ಕಾವಲಿನಲ್ಲಿ ಕಸ ಸಾಗಿಸಬೇಕಾದ ಪ್ರಸಂಗ ಬಂತು. ಸರಕಾರವು ಮಾತು ಕೊಟ್ಟು, ಆ ವರ್ಷದ ನವೆಂಬರ್ ಮುಗಿಯುತ್ತಲೇ ಮಂಡೂರಿಗೂ ಕಸ ಹೋಗುವುದು ನಿಂತಿತು. ಆ ಮೇಲೆ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಗಳ ಕಲ್ಲುಗಣಿಗಳ ಸರದಿ, ದೊಡ್ಡಬಳ್ಳಾಪುರ ತಾಲೂಕಿನ ಚಿಗರೇನಹಳ್ಳಿಯ ಸರದಿ, ಅಲ್ಲಿಯೂ ಪ್ರತಿಭಟನೆ. ಭೂಪಟದಲ್ಲಿ ಹಳ್ಳಿಯ ಹೆಸರು ಬದಲಾಗುತ್ತ ಹೋಯಿತು, ಲಾರಿ ಮಾತ್ರ ಅದೇ ಲಾರಿ. ಪ್ರತಿ ಸಲವೂ ಒಂದು ಹಳ್ಳಿ ಗೆದ್ದಿತು, ಪ್ರತಿ ಸಲವೂ ಇನ್ನೊಂದು ಹಳ್ಳಿ ಸೋತಿತು. ಇಂಥ ಗೆಲುವಿಗೆ ಗೆಲುವೆನ್ನಲು ನನಗೆ ಮನಸ್ಸು ಬರುವುದಿಲ್ಲ.

ಕಸ ಸುರಿಯುವ ಜಾಗದ ಬಗ್ಗೆ ಪತ್ರಿಕೆಗಳಲ್ಲಿ ಬೇಕಾದಷ್ಟು ಬಂದಿದೆ. ಆ ಜಾಗಕ್ಕೆ ಹೋಗುವ ದಾರಿಯ ಬಗ್ಗೆ ಅಷ್ಟು ಬಂದಿಲ್ಲ. ಗಾಡಿಯು ಕಸವನ್ನು ಒತ್ತಿ ಹಿಂಡಿ ತುಂಬಿಕೊಳ್ಳುವುದರಿಂದ ಕಪ್ಪು ನೀರು ದಾರಿಯುದ್ದಕ್ಕೂ ಸೋರುತ್ತದೆ. ಆ ನೀರಿನ ಮೇಲೆ ಮೋಟಾರ್ ಸೈಕಲ್ಲಿನ ಗಾಲಿ ಜಾರುತ್ತದೆ. ಬಿಸಿಲೇರಿದಂತೆ ಅದರ ವಾಸನೆಯು ಮನೆಗಳನ್ನು ಹೊಗುತ್ತದೆ. ಚಹದಂಗಡಿಯವನಿಗೆ ಗಿರಾಕಿ ಇಲ್ಲ, ಮನೆಗೆ ಬೀಗರು ಬಂದರೆ ಊಟಕ್ಕೆ ನಿಲ್ಲುವುದಿಲ್ಲ. ಮೇಲಾಗಿ ಡೀಸೆಲ್ ಹೊಗೆ, ಧೂಳು, ಅವೇಳೆಯ ಸದ್ದು. ಇವೆಲ್ಲಕ್ಕಿಂತ ದೊಡ್ಡದು ಜೀವದ ಭಯ. 2022ರ ಮಾರ್ಚಿನಲ್ಲಿ ಬೆಂಗಳೂರಿನ ಹೆಬ್ಬಾಳದ ಹತ್ತಿರ, ಮಳೆಯಿಂದ ಸುರಂಗದಾರಿಯಲ್ಲಿ ನೀರು ನಿಂತದ್ದರಿಂದ ಮೇಲಿನ ರಸ್ತೆಯನ್ನೇ ದಾಟುತ್ತಿದ್ದ ಹದಿನಾಲ್ಕು ವರ್ಷದ ಶಾಲಾ ಬಾಲಕಿಯೊಬ್ಬಳು ಕಸದ ಲಾರಿಗೆ ಬಲಿಯಾದಳು. ಪರೀಕ್ಷೆ ಮುಗಿಸಿ ಮನೆಗೆ ಹೊರಟಿದ್ದ ಹುಡುಗಿ. ಮುಂದಿನ ತಿಂಗಳುಗಳಲ್ಲಿಯೂ ಇಂಥ ಸುದ್ದಿಗಳು ಬಂದವು. ಚಾಲಕನನ್ನು ಬಯ್ದು ನಾವು ಪತ್ರಿಕೆಯನ್ನು ಮಡಚಿಟ್ಟೆವು. ಚಾಲಕನ ತಪ್ಪು ಇದ್ದೀತು. ಆದರೆ ಇಷ್ಟೊಂದು ಲಾರಿಗಳು ಇಷ್ಟು ದೂರಕ್ಕೆ, ಇಷ್ಟು ಅವಸರದಿಂದ ಓಡಲೇಬೇಕಾದ ಕಾರಣವೇನೆಂದು ಕೇಳಿದವರು ಕಡಿಮೆ.

ದೇಗಾಂವದವಳಾದ ನನಗೆ ಭಾರದ ಗಾಡಿಗಳ ಪರಿಚಯ ಪುಸ್ತಕದಿಂದ ಬಂದುದಲ್ಲ. ಕಬ್ಬಿನ ಹಂಗಾಮಿನಲ್ಲಿ ನಮ್ಮ ಸೀಮೆಯ ರಸ್ತೆಗಳ ಅವಸ್ಥೆಯನ್ನು ಬೈಲಹೊಂಗಲ, ಕಿತ್ತೂರು, ಸವದತ್ತಿ ಕಡೆಯ ಸಹಪಾಠಿಗಳೆಲ್ಲರೂ ಬಲ್ಲರು. ಒಂದು ಟ್ರ್ಯಾಕ್ಟರಿಗೆ ಎರಡು ಡಬ್ಬಿ, ಅದರ ಮೇಲೆ ಮನೆಯೆತ್ತರ ಕಬ್ಬು. ಬಸ್ಸು ಹಿಂದೆ ಹಿಂದೆ ತೆವಳುತ್ತದೆ, ಮೊದಲನೆಯ ತಾಸಿನ ಪಾಠ ತಪ್ಪುತ್ತದೆ. ಹಿಂದಿನ ದೀಪವಿಲ್ಲದ ಡಬ್ಬಿಗೆ ರಾತ್ರಿ ಡಿಕ್ಕಿ ಹೊಡೆದವರ ಸುದ್ದಿ ಪ್ರತಿ ಹಂಗಾಮಿನಲ್ಲಿಯೂ ಇದ್ದದ್ದೇ. ಹಾಗಿದ್ದರೂ ನಮ್ಮ ಜನ ಅದನ್ನು ಸಹಿಸುತ್ತಾರೆ. ಏಕೆಂದರೆ ಆ ಕಬ್ಬು ನಮ್ಮದು. ಬಿಲ್ಲು ತಡವಾದರೂ ಬರುವುದು ನಮ್ಮ ಮನೆಗೆ. ಹಂಗಾಮು ಮುಗಿದರೆ ರಸ್ತೆ ಮತ್ತೆ ನಮ್ಮದು. ಕಸದ ಲಾರಿಗೆ ಹಂಗಾಮೆಂಬುದೇ ಇಲ್ಲ. ಅದು ಬೇಸಿಗೆ, ಮಳೆಗಾಲ, ಯುಗಾದಿ, ದೀಪಾವಳಿ ಎನ್ನದೆ ಬರುತ್ತದೆ. ಹಬ್ಬದ ಮರುದಿನವಂತೂ ಎರಡು ಖೇಪು ಹೆಚ್ಚು. ಅದು ತುಂಬಿ ಬಂದು ಬರಿದಾಗಿ ಹೋಗುತ್ತದೆ. ದಾರಿಯವರ ಕೈಗೆ ಅದರಿಂದ ಒಂದು ಕಾಸೂ ಇಲ್ಲ.

ಇನ್ನು ಆ ಲಾರಿಯೊಳಗೆ ಏನಿದೆ ಎಂಬುದನ್ನು ನೋಡೋಣ. ನನ್ನ ಮಟ್ಟಿಗೆ ಇಡೀ ಪ್ರಶ್ನೆಯ ಕೀಲಿಕೈ ಇದೇ. ನಮ್ಮ ದೇಶದ ಪಟ್ಟಣಗಳ ಕಸದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು, ಕೆಲವೆಡೆ ಅದಕ್ಕೂ ಹೆಚ್ಚು, ಅಡಿಗೆಮನೆಯ ಮತ್ತು ಕಾಯಿಪಲ್ಲೆ ಪೇಟೆಯ ಹಸಿ ಕಸ. ಹಸಿ ಕಸದಲ್ಲಿ ಬಹುಭಾಗ ನೀರು. ಸೌತೆಕಾಯಿಯ ಸಿಪ್ಪೆ, ಹುಳಿಯಾದ ಸಾರು, ಬಾಡಿದ ಮೆಂತ್ಯದ ಸೂಡು, ಇವುಗಳನ್ನು ಹಿಂಡಿದರೆ ಉಳಿಯುವುದೆಷ್ಟು? ಅರ್ಥಾತ್ ನಾವು ದುಬಾರಿ ಡೀಸೆಲ್ ಸುಟ್ಟು, ಊರೂರಿನ ರಸ್ತೆ ಕೆಡಿಸಿ, ಹರದಾರಿಗಟ್ಟಲೆ ದೂರಕ್ಕೆ ಸಾಗಿಸುವುದು ಬಹುಮಟ್ಟಿಗೆ ನೀರನ್ನೇ. ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಟ್ಯಾಂಕರಿನ ದಾರಿ ಕಾಯುವ ನಾಡಿನಲ್ಲಿ ಇದೊಂದು ವಿಚಿತ್ರವೇ ಸರಿ.

ಒಂದು ಲೆಕ್ಕವನ್ನು ಮಾಡಬಹುದು. ಬೆಂಗಳೂರಿನ ಕಸವು ದಿನಕ್ಕೆ ಸುಮಾರು 5,000 ಟನ್ನು ಎಂದು ಹೇಳುತ್ತಾರೆ. ಲಾರಿಯೊಂದಕ್ಕೆ 10 ಟನ್ನು ಹಿಡಿದರೆ 500 ಖೇಪು. ಹೋಗಿ ಬರುವುದು ಸೇರಿದರೆ ಹಳ್ಳಿಯ ರಸ್ತೆಗಳ ಮೇಲೆ ಒಟ್ಟು 1,000 ಓಡಾಟ. ಹಸಿ ಕಸವು ಹುಟ್ಟಿದ ವಾರ್ಡಿನಲ್ಲಿಯೇ ಗೊಬ್ಬರವಾದರೆ ಇದರಲ್ಲಿ ಅರ್ಧ ತಾನಾಗಿಯೇ ಇಳಿಯಿತು. ಅಷ್ಟಕ್ಕೇ ಮುಗಿಯಲಿಲ್ಲ. ಒಣ ಕಸವು ಕೊಳೆಯುವುದಿಲ್ಲ, ನಾರುವುದಿಲ್ಲ. ಅದನ್ನು ದಿನವೂ ಎತ್ತಬೇಕೆಂಬ ಅವಸರವಿಲ್ಲ. ವಾರಕ್ಕೆ ಎರಡು ಸಲ ಸಾಕು. ರದ್ದಿ, ತಗಡು, ಬಾಟಲಿಗಳು ಗುಜರಿಯವರ ಪಾಲಾಗುತ್ತವೆ. ಕೊನೆಗೆ ಲಾರಿಗೆ ಉಳಿಯುವುದು ಎಲ್ಲಿಯೂ ಸಲ್ಲದ ಸ್ವಲ್ಪ ಭಾಗ. ಆ ಸ್ವಲ್ಪವನ್ನು ತಾಡಪತ್ರಿ ಹೊದಿಸಿ, ಶಾಲೆಯ ವೇಳೆ ತಪ್ಪಿಸಿ ಸಾಗಿಸಿದರೆ ದಾರಿಯ ಊರವರು ಬೇಡವೆನ್ನಲಾರರು. ಲಾರಿಗಳನ್ನು ಕಡಿಮೆ ಮಾಡಲು ರಸ್ತೆಯನ್ನು ಅಗಲ ಮಾಡುವುದು, ಹೊಸ ಊರನ್ನು ಹುಡುಕುವುದು, ಇನ್ನೂ ದೊಡ್ಡ ಲಾರಿ ಕೊಳ್ಳುವುದು ಇವೆಲ್ಲ ನನಗೆ ಸುತ್ತುದಾರಿಗಳಾಗಿ ಕಾಣುತ್ತವೆ. ಲಾರಿಯ ಸಂಖ್ಯೆಯು ನಿರ್ಧಾರವಾಗುವುದು ಒಲೆಯ ಪಕ್ಕದ ಬುಟ್ಟಿಯಲ್ಲಿ.

ಹಳ್ಳಿಯವರಿಗೆ ಇದರಲ್ಲಿ ಹೊಸದೇನೂ ಇಲ್ಲ. ದನಗಳಿರುವ ಮನೆಯ ಹಿತ್ತಲಲ್ಲಿ ತಿಪ್ಪೆಯಿದೆ. ಸೆಗಣಿ, ಬೂದಿ, ಉಳಿದ ಕಣಿಕೆ, ಕಾಯಿಪಲ್ಲೆಯ ಸೊಪ್ಪು ಸದೆ ಎಲ್ಲವೂ ಅದರಲ್ಲಿ ಬಿದ್ದು, ಮುಂಗಾರಿಗೆ ಮುಂಚೆ ಚಕ್ಕಡಿಯೇರಿ ಹೊಲಕ್ಕೆ ಹೋಗುತ್ತದೆ. ಬೆಳಗಾವಿಯ ಕಸವು ತುರಮುರಿಗೆ ಹೋಗುತ್ತದೆಂದೂ ಅಲ್ಲಿಯ ಜನರು ವಾಸನೆಯ ಬಗ್ಗೆ ದೂರುತ್ತ ಬಂದಿದ್ದಾರೆಂದೂ ನಾನು ಮನೆಯಲ್ಲಿ ಹೇಳಿದಾಗ, ಅಕ್ಷರ ಕಲಿಯದ ನಮ್ಮ ಅಜ್ಜ ಕೇಳಿದ ಪ್ರಶ್ನೆ ಇದು: “ಅಲ್ಲ ಯವ್ವಾ, ನಮ್ಮ ತಿಪ್ಪಿ ನಮ್ಮ ಹೊಲಕ್ಕ ಹೋಗತೈತಿ. ಅವರ ತಿಪ್ಪಿ ಯಾರ ಹೊಲಕ್ಕ ಹೋಗತೈತಿ?” ಮೂರು ವರ್ಷ ಅರ್ಥಶಾಸ್ತ್ರ ಓದಿದ ನನಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಅವರ ತಿಪ್ಪೆ ಯಾರ ಹೊಲಕ್ಕೂ ಹೋಗುವುದಿಲ್ಲ, ಏಕೆಂದರೆ ಅದರಲ್ಲಿ ಗಾಜಿನ ಚೂರು, ಔಷಧದ ಚೀಟಿ, ಪ್ಲಾಸ್ಟಿಕ್ ಚೀಲ ಕಲೆತಿವೆ. ಬೆರೆತ ಕಸ ಗೊಬ್ಬರವೂ ಅಲ್ಲ, ಗುಜರಿಯೂ ಅಲ್ಲ. ನಮ್ಮ ತಿಪ್ಪೆಗಳ ಬಗ್ಗೆ ಕೂಡ ನಾನು ಬಹಳ ಹೆಮ್ಮೆ ಪಡಲಾರೆ. ಗುಟಕಾ ಚೀಟಿ, ಶಾಂಪೂ ಪೊಟ್ಟಣಗಳು ಈಗ ಹೊಲದ ಸಾಲಿನಲ್ಲಿಯೂ ಕುಂಟೆಗೆ ಸಿಗುತ್ತಿವೆ. ಹನ್ನೆರಡನೆಯ ಶತಮಾನದಲ್ಲಿ ಗೋವೆಯ ಕದಂಬರ ರಾಣಿ ಕಮಲಾದೇವಿ ಕಟ್ಟಿಸಿದ ನಮ್ಮೂರ ಕಮಲನಾರಾಯಣ ಗುಡಿಯನ್ನು ನೋಡಲು ಬಂದವರು ಶಿಲ್ಪವನ್ನು ಹೊಗಳಿ, ನೀರಿನ ಬಾಟಲಿಯನ್ನು ಕಟ್ಟೆಯ ಮೇಲೆಯೇ ಬಿಟ್ಟು ಹೋಗುತ್ತಾರೆ.

ಕಸವನ್ನು ಬೇರೆ ಬೇರೆ ಮಾಡಿರೆಂದು ಸರಕಾರವೂ ನ್ಯಾಯಾಲಯವೂ ಹೇಳಿಲ್ಲವೆಂದಲ್ಲ. ಕರ್ನಾಟಕದ ಉಚ್ಚ ನ್ಯಾಯಾಲಯವು 2015ರ ಡಿಸೆಂಬರಿನಲ್ಲಿ ಬೆಂಗಳೂರಿನ ಮನೆಮನೆಗೂ ಎರಡು ಬುಟ್ಟಿ ಮತ್ತು ಒಂದು ಚೀಲದ ಪದ್ಧತಿಯನ್ನು ಗೊತ್ತುಮಾಡಿತು: ಹಸಿ ಕಸಕ್ಕೆ ಹಸಿರು ಬುಟ್ಟಿ, ಅಪಾಯದ ಮತ್ತು ಹೊಲಸು ಕಸಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ. 2016ರಲ್ಲಿ ಬಂದ ಕೇಂದ್ರ ಸರಕಾರದ ನಿಯಮಗಳೂ ಇದನ್ನೇ ಇಡೀ ದೇಶಕ್ಕೆ ಹೇಳಿದವು. ಆದರೂ ಅನೇಕ ಮನೆಗಳಲ್ಲಿ ಬೇರೆಯಾಗಿಟ್ಟ ಕಸವು ಗಾಡಿಯಲ್ಲಿ ಒಂದಾಗುತ್ತದೆ. ಅದನ್ನು ಒಮ್ಮೆ ಕಣ್ಣಾರೆ ಕಂಡ ಗೃಹಿಣಿಯು ಮರುದಿನದಿಂದ ಬೇರೆ ಮಾಡುವುದನ್ನೇ ಬಿಟ್ಟರೆ ಆಕೆಯನ್ನು ದೂರಬಹುದೆ? ಮೇಲಾಗಿ ಈ ಬುಟ್ಟಿಗಳ ಕೆಲಸವು ಬರುವುದು ಹೆಂಗಸರ ಪಾಲಿಗೆ. ಭಾಷಣದಲ್ಲಿ ಸ್ವಚ್ಛತೆಯನ್ನು ಹೊಗಳುವ ಪುರುಷರು ಮನೆಯಲ್ಲಿ ಬಾಳೆಹಣ್ಣಿನ ಸಿಪ್ಪೆಯನ್ನು ಯಾವ ಬುಟ್ಟಿಗೆ ಹಾಕುತ್ತಾರೆಂಬುದನ್ನು ನಮ್ಮ ಗಂಡು ಸಹಪಾಠಿಗಳು ಸ್ವಲ್ಪ ಗಮನಿಸಬೇಕು. ಇನ್ನೊಂದು ತೊಡಕೂ ಇದೆ. ಸಾಗಿಸುವವನಿಗೆ ತೂಕದ ಲೆಕ್ಕದಿಂದ ಹಣ ಕೊಟ್ಟರೆ ತೂಕ ಕಡಿಮೆ ಮಾಡುವ ಇಚ್ಛೆ ಅವನಿಗೆ ಹೇಗೆ ಹುಟ್ಟಬೇಕು? ಮಳೆಯಲ್ಲಿ ನೆನೆದ ಕಸವೇ ಅವನಿಗೆ ಲಾಭದ ಕಸ.

ಇದು ಆಗದ ಮಾತೆಂದು ಕೆಲವರು ಹೇಳುತ್ತಾರೆ. ಆದ ಕಡೆಗಳನ್ನು ನೋಡಿರಿ. ಕೇರಳದ ಆಲಪ್ಪುಳ ಪಟ್ಟಣದ ಕಸವು ಸರ್ವೋದಯಪುರವೆಂಬ ಊರಿಗೆ ಹೋಗುತ್ತಿತ್ತು. ಹೆಸರೇನೋ ಸರ್ವೋದಯ, ಪಾಲಿಗೆ ಬಂದುದು ಎಲ್ಲರ ಕಸ! ಅಲ್ಲಿಯ ಜನ ಲಾರಿಗಳನ್ನು ತಡೆದಾಗ ಆಲಪ್ಪುಳವು ಬೇರೊಂದು ಸರ್ವೋದಯಪುರವನ್ನು ಹುಡುಕಲಿಲ್ಲ. 2012ರಿಂದ ಮನೆಗಳಿಗೆ ಗೊಬ್ಬರದ ಕೊಳವೆಗಳನ್ನೂ ಗೋಬರ್ ಗ್ಯಾಸಿನ ಮಾದರಿಯ ಸಣ್ಣ ತೊಟ್ಟಿಗಳನ್ನೂ ರಿಯಾಯಿತಿಯಲ್ಲಿ ಕೊಟ್ಟು, ಇಲ್ಲದವರಿಗಾಗಿ ಓಣಿಗಳಲ್ಲಿ ಗಾಳಿಯಾಡುವ ಗೊಬ್ಬರದ ಪೆಟ್ಟಿಗೆಗಳನ್ನು ಕಟ್ಟಿತು. 2017ರಲ್ಲಿ ವಿಶ್ವಸಂಸ್ಥೆಯ ಪರಿಸರ ವಿಭಾಗವು ಆ ಸಣ್ಣ ಪಟ್ಟಣವನ್ನು ಜಗತ್ತಿನ ಮಾದರಿ ನಗರಗಳ ಸಾಲಿನಲ್ಲಿ ಹೆಸರಿಸಿತು. ನಮ್ಮ ರಾಜ್ಯದಲ್ಲಿಯೇ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಕಸವನ್ನು ನಗರದೊಳಗೇ ಬೇರ್ಪಡಿಸಿ ಗೊಬ್ಬರ ಮಾಡುವ ಘಟಕವಿದೆ. ಕುಂದಾಪುರ ತಾಲೂಕಿನ ವಂಡ್ಸೆಯು ಬರಿಯ ಗ್ರಾಮ ಪಂಚಾಯತಿ. ಅದು ಕಸವನ್ನು ವಿಂಗಡಿಸಿ ಮಾರಿ ಹೆಸರು ಪಡೆಯಿತು. ಈಗ ಎಷ್ಟೋ ಪಂಚಾಯತಿಗಳಲ್ಲಿ ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ ‘ಸ್ವಚ್ಛವಾಹಿನಿ’ ಗಾಡಿಯನ್ನು ಓಡಿಸುತ್ತಾರೆ. ನಮ್ಮಂಥ ಹಳ್ಳಿಗಳ ಹುಡುಗಿಯರಿಗೆ ಸ್ಟೇರಿಂಗು ಹಿಡಿದ ಹೆಣ್ಣುಮಗಳನ್ನು ನೋಡುವುದೇ ಒಂದು ಪಾಠ.

ಆದರೆ ಎದುರು ಪಕ್ಷದ ಮಾತಿನಲ್ಲಿಯೂ ಸತ್ಯವಿದೆ. ಕಸವನ್ನು ಊರೊಳಗೇ ಗೊಬ್ಬರ ಮಾಡಹೊರಟರೆ ಊರೊಳಗಿನವರು ಸುಮ್ಮನಿರುವುದಿಲ್ಲ. ಬೆಂಗಳೂರಿನಲ್ಲಿಯೇ ಕನ್ನಹಳ್ಳಿ, ಸೀಗೇಹಳ್ಳಿ, ಲಿಂಗಧೀರನಹಳ್ಳಿಗಳಲ್ಲಿ ಕಟ್ಟಿದ ಘಟಕಗಳ ವಿರುದ್ಧ ನೆರೆಯವರು ವಾಸನೆಯ ಕಾರಣಕ್ಕೆ ತಕರಾರೆತ್ತಿದರು. ಅವರ ತಕರಾರು ಸುಳ್ಳಲ್ಲ. ದೊಡ್ಡ ಘಟಕಕ್ಕೆ ನೂರಾರು ಟನ್ನು ಬೆರಕೆ ಕಸವನ್ನು ತಂದು ಸುರಿದರೆ ಅದು ಗೋಡೆಯೊಳಗಿನ ಮಂಡೂರೇ ಆಗುತ್ತದೆ. ಅಲ್ಲಿಗೂ ಲಾರಿಗಳ ಸಾಲು ತಪ್ಪುವುದಿಲ್ಲ. ನಾನು ಹೇಳುವುದು ಅಂಥ ಘಟಕದ ಮಾತಲ್ಲ. ಒಂದೊಂದು ಓಣಿಗೆ, ಒಂದೊಂದು ಸಂತೆ ಮೈದಾನಕ್ಕೆ ತಕ್ಕ ಸಣ್ಣ ತೊಟ್ಟಿ. ತಳದಲ್ಲಿ ಒಣ ಎಲೆ, ಮೇಲೆ ಹಸಿ ಕಸ, ಅದರ ಮೇಲೆ ತುಸು ಸೆಗಣಿ, ಮತ್ತೆ ಒಣ ಎಲೆ. ಬದಿಗಳಿಂದ ಗಾಳಿಯಾಡಿದರೆ ಅದು ನಾರುವುದಿಲ್ಲ. ತಿಂಗಳೆರಡು ತಿಂಗಳಲ್ಲಿ ಕುಸಿದು ಕಪ್ಪು ಮಣ್ಣಾಗುತ್ತದೆ. ಗಾಳಿಯಾಡದಿದ್ದರೆ ನಾರುತ್ತದೆ. ಆದ್ದರಿಂದ ಅದನ್ನು ನೋಡಿಕೊಳ್ಳಲು ಸಂಬಳದ ಒಬ್ಬ ಮನುಷ್ಯ ಬೇಕೇ ಬೇಕು. ಲಾರಿಯ ಡೀಸೆಲ್ಲಿಗೆ ಹೋಗುವ ಹಣದಲ್ಲಿ ಅವನ ಸಂಬಳ ಹುಟ್ಟಬೇಕೆಂಬುದೇ ನನ್ನ ವಾದ.

ಈ ಕಸದ ಅನ್ಯಾಯವು ಬಡ ದೇಶಗಳ ಪಾಡೆಂದು ಯಾರೂ ತಿಳಿಯಬಾರದು. ಅಮೇರಿಕದ ನ್ಯೂಯಾರ್ಕ್ ನಗರದಲ್ಲಿ ಕಸ ಇಳಿಸಿ ಮತ್ತೆ ತುಂಬುವ ನಿಲ್ದಾಣಗಳು ಬಹಳಷ್ಟು ಸೌತ್ ಬ್ರಾಂಕ್ಸ್, ಉತ್ತರ ಬ್ರೂಕ್ಲಿನ್, ಆಗ್ನೇಯ ಕ್ವೀನ್ಸ್ ಎಂಬ ಭಾಗಗಳಲ್ಲಿ ಗುಂಪಾಗಿದ್ದವು. ಅಲ್ಲಿ ಹೆಚ್ಚಾಗಿ ಇರುವವರು ಕಪ್ಪು ಜನರೂ ಲ್ಯಾಟಿನ್ ಅಮೇರಿಕ ಮೂಲದವರೂ, ಬಡವರೂ. 2018ರಲ್ಲಿ ಆ ನಗರವು ಕಾಯದೆ ಮಾಡಿ ಈ ಭಾಗಗಳಿಗೆ ತರಬಹುದಾದ ಕಸದ ಮಿತಿಯನ್ನು ತಗ್ಗಿಸಿತು. ಅಂಗಡಿ ಹೋಟೆಲುಗಳ ಕಸದ್ದು ಇನ್ನೊಂದು ಸೋಜಿಗ. ಪ್ರತಿಯೊಬ್ಬ ಅಂಗಡಿಕಾರನೂ ತನಗೆ ಬೇಕಾದ ಕಂಪನಿಯನ್ನು ಗೊತ್ತುಮಾಡಿಕೊಳ್ಳುತ್ತಿದ್ದುದರಿಂದ ಒಂದೇ ಬೀದಿಗೆ ಒಂದೇ ರಾತ್ರಿ ಹತ್ತಾರು ಕಂಪನಿಗಳ ಲಾರಿಗಳು ಬರುತ್ತಿದ್ದವು! 2019ರ ಕಾಯದೆಯು ನಗರವನ್ನು 20 ವಲಯಗಳಾಗಿ ಹಂಚಿ, ವಲಯಕ್ಕೆ ಮೂರಕ್ಕಿಂತ ಹೆಚ್ಚು ಕಂಪನಿಗಳು ಇರಕೂಡದೆಂದಿತು. 2025ರಲ್ಲಿ ಮೊದಲನೆಯ ವಲಯದಲ್ಲಿ ಅದು ಜಾರಿಗೆ ಬಂತು. ಆ ನಗರವು ಮನೆಗಳ ಕಸವನ್ನು ಸಮುದ್ರದ ದಂಡೆಯಿಂದ ದೋಣಿಗಳಲ್ಲಿಯೂ ರೈಲಿನಲ್ಲಿಯೂ ಸಾಗಿಸುತ್ತದೆ. ನಾವು ಮಲಪ್ರಭೆಯಲ್ಲಿ ದೋಣಿ ನಡೆಸುವಂತಿಲ್ಲ, ಬೇಸಿಗೆಯಲ್ಲಂತೂ ಎತ್ತಿನ ಗಾಡಿಯನ್ನೇ ನಡೆಸಬಹುದು. ಆದರೆ ಯಾವ ಓಣಿಯ ಮೇಲೆ ಎಷ್ಟು ಹೊರೆ ಎಂಬುದನ್ನು ಎಣಿಸಿ ಬರೆದಿಡುವ ಆ ಪದ್ಧತಿಯು ನಮಗೆ ಬೇಕಾಗಿದೆ. ಎಣಿಸದ ಲಾರಿಯನ್ನು ಕಡಿಮೆ ಮಾಡುವುದಾದರೂ ಹೇಗೆ?

ಇಷ್ಟೆಲ್ಲ ದೂರದ ಊರುಗಳ ಮಾತು ನಮಗೇಕೆಂದು ವಾಚಕರು ಕೇಳಬಹುದು. ಹುಬ್ಬಳ್ಳಿಯ ಕಾರವಾರ ರಸ್ತೆಯ ಕಸದ ಗುಡ್ಡೆಯೂ ಧಾರವಾಡದ ಹೊಸಯಲ್ಲಾಪುರದ ಗುಡ್ಡೆಯೂ ಒಂದು ದಿನದಲ್ಲಿ ಬೆಳೆದವಲ್ಲ. ಅವು ಬೆಳೆಯುವಾಗ ಹುಬ್ಬಳ್ಳಿ ಧಾರವಾಡಗಳೂ ಬೆಳೆಯುತ್ತಿದ್ದವು. ಇಂದು ಬೈಲಹೊಂಗಲ ಬೆಳೆಯುತ್ತಿದೆ; ಕಿತ್ತೂರು ತಾಲೂಕಿನ ಕೇಂದ್ರವಾಗಿದೆ; ಹೆದ್ದಾರಿಯ ಇಕ್ಕೆಲಗಳಲ್ಲಿ ಹೊಸ ಪ್ಲಾಟುಗಳ ಕಲ್ಲು ನೆಟ್ಟಿದ್ದಾರೆ. ಪೇಟೆ ಬೆಳೆದಾಗ ಕಸಕ್ಕೆ ಜಾಗ ಹುಡುಕುವವರು ನಕ್ಷೆಯಲ್ಲಿ ಮೊದಲು ನೋಡುವುದು ಸರಕಾರಿ ಜಮೀನನ್ನು. ನಮ್ಮ ಸೀಮೆಯಲ್ಲಿ ಹಾಗೆಂದರೆ ಎಷ್ಟೋ ಕಡೆ ಊರ ದನ ಮೇಯುವ ಗಾಯರಾಣ. ಕಾಗದದ ಮೇಲೆ ಅದು ಬರಿದು. ದನ ಕಾಯುವ ಹುಡುಗರ ಹೆಸರು ಉತಾರದಲ್ಲಿ ಇರುವುದಿಲ್ಲ. ಅಪ್ಪಣೆಯ ಕಾಗದ ಊರಿಗೆ ತಲುಪುವ ಹೊತ್ತಿಗೆ ಲಾರಿಯೂ ತಲುಪಿರುತ್ತದೆ. ಲಾರಿ ಒಮ್ಮೆ ದಾರಿ ಕಲಿತರೆ ಅದನ್ನು ಮರೆಸುವುದಕ್ಕೆ ಮಂಡೂರಿನವರಂತೆ ರಸ್ತೆಯಲ್ಲಿ ಕೂಡಬೇಕಾಗುತ್ತದೆ. ನಮ್ಮ ಊರುಗಳ ಕಸ ಇನ್ನೂ ಕೆಲವೇ ಗಾಡಿಗಳಷ್ಟಿರುವ ಈ ಕಾಲದಲ್ಲಿ ತೊಟ್ಟಿಗಳನ್ನು ಕಟ್ಟುವುದು ಸುಲಭ, ಅಗ್ಗ. ಕಾಯಿಪಲ್ಲೆ ಸಂತೆ ಮತ್ತು ಖಾನಾವಳಿಗಳಿಂದ ಮೊದಲುಮಾಡಬಹುದು. ಹಸಿ ಕಸವು ಒಂದೇ ಕಡೆ ಹೆಚ್ಚಾಗಿ, ಹೆಚ್ಚು ಬೆರಕೆಯಿಲ್ಲದೆ ಸಿಗುವುದು ಅಲ್ಲಿಯೇ. ಗೊಬ್ಬರ ಕೊಳ್ಳುವ ರೈತರು ಅದೇ ಸಂತೆಗೆ ಬಂದಿರುತ್ತಾರೆ, ಬರಿದಾದ ಚಕ್ಕಡಿ ಟ್ರ್ಯಾಕ್ಟರುಗಳು ಊರಿಗೆ ಮರಳುವಾಗ ಅದನ್ನು ಒಯ್ಯಬಹುದು.

ನಮ್ಮಲ್ಲಿ ಹೆಚ್ಚಿನವರು ಮನೆತನದಲ್ಲಿ ಮೊದಲು ಕಾಲೇಜಿನ ಮೆಟ್ಟಲು ಹತ್ತಿದವರು. ನಾಳೆ ನೌಕರಿ ಹಿಡಿದು ಪೇಟೆಯಲ್ಲಿ ಮನೆ ಮಾಡುವವರು. ಇಂದು ಲಾರಿಯ ದಾರಿಯಲ್ಲಿರುವ ಹಳ್ಳಿಯವರೂ ನಾವೇ, ನಾಳೆ ಲಾರಿ ತುಂಬಿಸಿ ಕಳಿಸುವ ಬಡಾವಣೆಯವರೂ ನಾವೇ. ಎರಡೂ ದಂಡೆಗಳನ್ನು ಬಲ್ಲ ಇಂಥ ಪೀಳಿಗೆಯು ನಮಗೆ ಮುಂಚೆ ಇದ್ದಿರಲಿಲ್ಲ. ಆದ್ದರಿಂದ ಗ್ರಾಮಸಭೆಯಲ್ಲಿ ಎದ್ದುನಿಂತು ಗಾಯರಾಣದ ಕಾಗದಗಳನ್ನು ಕೇಳುವ ಕೆಲಸ ನಮ್ಮದು; ಬಡಾವಣೆಯಲ್ಲಿ ಎರಡು ಬುಟ್ಟಿ ಇಡಿಸುವ ಕೆಲಸವೂ ನಮ್ಮದೇ.

ಅದಕ್ಕೂ ಮೊದಲು ಮಾಡಬಹುದಾದುದು ಒಂದಿದೆ. ನಮ್ಮ ಕಾಲೇಜಿನ ಉಪಾಹಾರ ಗೃಹದ ಚಹದ ಪುಡಿ, ಈರುಳ್ಳಿ ಸಿಪ್ಪೆ, ಉಳಿದ ಅವಲಕ್ಕಿಗಳೂ, ಅಂಗಳದ ಬೇವಿನ ಎಲೆಗಳೂ ಪ್ರತಿದಿನ ಒಟ್ಟಾಗುತ್ತವೆ. ಎಲೆಗಳಿಗೆ ಬೆಂಕಿ ಬೀಳುತ್ತದೆ. ಉಳಿದುದು ಗಾಡಿ ಸೇರುತ್ತದೆ. ಗ್ರಂಥಾಲಯದ ಹಿಂದೆ ನಾಲ್ಕು ಮೊಳದ ಎರಡು ತೊಟ್ಟಿಗಳಾದರೆ ಎರಡೂ ತಪ್ಪುತ್ತವೆ, ಒಂದು ತುಂಬುವಷ್ಟರಲ್ಲಿ ಇನ್ನೊಂದು ಮಾಗಿರುತ್ತದೆ. ಇಟ್ಟಿಗೆಗೆ ವಿದ್ಯಾರ್ಥಿ ಸಂಘದ ಹಣದಲ್ಲಿ ಸ್ವಲ್ಪ ಸಾಕು. ಕಟ್ಟಲು ರಾಷ್ಟ್ರೀಯ ಸೇವಾ ಯೋಜನೆಯ ಗೆಳೆಯ ಗೆಳತಿಯರು ಒಂದು ಭಾನುವಾರ ಬರಲು ಒಪ್ಪಿದ್ದಾರೆ. ಸೆಗಣಿಯನ್ನು ದೇಗಾಂವದಿಂದ ನಾನು ತರಿಸಿಕೊಡುತ್ತೇನೆ. ಜಾಗ ತೋರಿಸುವುದಕ್ಕೆ ಪ್ರಾಚಾರ್ಯರ ಅಪ್ಪಣೆಯೊಂದು ಬೇಕಾಗಿದೆ.